ನಿಮ್ಮಲ್ಲಿ ಸೂರಜ್ ಇದ್ದಾನಾ?

"ನಿಮ್ಮಲ್ಲಿ ಸೂರಜ್ ಇದ್ದಾನಾ?" ಎಂದು ಕೇಳಿಕೊಂಡೇ ಅವರು ಮೊದಲ ಸಲ ನಮ್ಮ ಬಾಗಿಲಿಗೆ ಬಂದದ್ದು. ಮಗಳನ್ನು ಸ್ಕೂಲ್ ಬಸ್ಸು ಹತ್ತಿಸಿ ಮೇಲೆ ಬಂದು ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಗಂಟೆ ಹೊಡೆಯಿತು. ಬಾಗಿಲು ತೆಗೆದರೆ ಐವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ನೀರು ತುಂಬಿದ ತಾಮ್ರದ ಚೊಂಬು. ನನ್ನ ಹಿಂದಿ ಟೀವಿ ನೋಡಿ ಕಲಿತದ್ದು. ಸೂರಜ್ ಅನ್ನುವ ಹುಡುಗ ಯಾರೋ ತಪ್ಪಿಸಿಕೊಂಡಿರಬೇಕು ಎಂದುಕೊಂಡು, ಆ ಹೆಸರಿನವರು ಈ ಮಹಡಿಯಲ್ಲಿ ಯಾರೂ ಇಲ್ಲ, ಕೆಳಗೆ ಸೆಕ್ಯುರಿಟಿ ಗಾರ್ಡನ್ನು ಕೇಳಿ ಎಂದೆ. ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು. "ಅಗೋ, ನಿಮ್ಮ ಬಾಲ್ಕನಿಯಲ್ಲೇ ಇದ್ದಾನಲ್ಲ" ಎಂದು ಚಪ್ಪಲಿ ಬಿಟ್ಟು ನೇರ ನಡೆದೇ ಬಿಟ್ಟರು.

ಹೋಗಿ ನೋಡಿದರೆ ಸಮುದ್ರದ ಆಚೆ, ಕಾಡು ತುಂಬಿದ ಆ ಸಣ್ಣ ದ್ವೀಪದ ತಲೆಯ ಮೇಲೆ ಸೂರ್ಯ ಆಗಷ್ಟೇ ಎದ್ದಿದ್ದ. ಅವರು ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಚೊಂಬಿನ ನೀರನ್ನು ಎಂಟನೆಯ ಮಹಡಿಯಿಂದ ಕೆಳಗೆ ಬಿಡುತ್ತಾರೇನೋ, ಕೆಳಗಿನ ಮನೆಯ ಚೀನೀ ಅಜ್ಜಿಯ ಬಟ್ಟೆ ಒದ್ದೆಯಾಗುತ್ತದಲ್ಲ ಎಂದು ನನಗೆ ಗಾಬರಿ. ಆದರೆ ಅವರು ನನ್ನ ಪ್ಲಾಸ್ಟಿಕ್ ಕುಂಡದ ತುಳಸಿಯ ಬುಡಕ್ಕೆ, ಒಂದು ತೊಟ್ಟೂ ಹೊರಗೆ ಬೀಳದ ಹಾಗೆ, ಸಣ್ಣ ಧಾರೆಯಲ್ಲಿ ಹೊಯ್ದರು. ಅಷ್ಟೂ ಹೊತ್ತು ಅವರು ನಿಂತ ಜಾಗದಲ್ಲೇ ನಿಂತಿದ್ದರು ಎಂದು ಈಗ ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ. ಯಾಕೆಂದರೆ ಆಮೇಲೆ ಅವರು ಒಂದು ಕಡೆ ನಿಂತದ್ದನ್ನಾಗಲಿ ಕೂತದ್ದನ್ನಾಗಲಿ ನಾನು ಕಂಡದ್ದು ಬಹಳ ಕಡಿಮೆ.

ಹೋದ ವಾರ ಅವರು ತೀರಿಕೊಂಡ ಸುದ್ದಿ ಬಂತು. ಅವತ್ತಿನಿಂದ ನನಗೂ ಕೂತಲ್ಲಿ ಕೂರಲಿಕ್ಕೆ ಆಗುತ್ತಿಲ್ಲ.

ಅದು ತೊಂಬತ್ತರ ದಶಕದ ಕೊನೆ. ನಾವಿದ್ದದ್ದು ಮಲೇಶಿಯಾದ ಪೆನಾಂಗಿನ ಬಯಾನ್ ಲೆಪಾಸಿನಲ್ಲಿ. ನಮ್ಮವರು ಡಾಕ್ಟರು, ಅಲ್ಲಿಯ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ಆ ಹೆಂಗಸಿನ ಯಜಮಾನರು ಹತ್ತಿರದ ಕಾರ್ಖಾನೆಯಲ್ಲಿ ಇಂಜಿನಿಯರು. ನಮ್ಮದು ಸಮುದ್ರದ ಕಡೆಯ ಮನೆ, ಪೂರ್ವಕ್ಕೆ ಬಾಲ್ಕನಿ. ಅವರದ್ದು ಕಾರಿಡಾರಿನ ಆಚೆ ತುದಿ, ಪಶ್ಚಿಮಕ್ಕೆ, ಗುಡ್ಡದ ಕಡೆ. ಅವರ ಮನೆಗೆ ಸೂರ್ಯ ಬರುವುದು ಮಧ್ಯಾಹ್ನ ದಾಟಿದ ಮೇಲೆ, ಅದೂ ಮೋಡ ಇಲ್ಲದಿದ್ದರೆ. ಅವರಿಗೋ ಚಾತುರ್ಮಾಸದ ನಾಲ್ಕೂ ತಿಂಗಳು ಸೂರ್ಯನ ಮುಖ ನೋಡದೆ ಬಾಯಿಗೆ ಏನೂ ಹಾಕದ ವ್ರತ. ನೀರು ಮಾತ್ರ ಕುಡಿಯಬಹುದು. ಅವರು ನಮ್ಮ ಮಹಡಿಗೆ ಬಂದದ್ದೇ ಆ ವರ್ಷ, ಚಾತುರ್ಮಾಸಕ್ಕೆ ಸ್ವಲ್ಪ ಮೊದಲು. ಹಾಗಾಗಿ ದಿನಾ ಬೆಳಿಗ್ಗೆ ನಮ್ಮ ಮನೆಗೆ.

ರಾಜಸ್ಥಾನದ ಬಾಡಮೇರ್ ಜಿಲ್ಲೆಯ ಬಾಲೋತ್ರಾ ಅವರ ಊರು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ನಾನು ಟೀಚರ್ಜಿ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಬಾಯಿಸಾ ಎನ್ನುತ್ತಿದ್ದರು. ನನಗೆ ಬಾಯಿ ಜಾಸ್ತಿ ಎಂದು ಸೂಚಿಸುತ್ತಿದ್ದಾರೇನೋ ಎಂದು ಮೊದಮೊದಲು ಮುಖ ಸಣ್ಣ ಮಾಡಿಕೊಂಡಿದ್ದೆ. ಮನೆಮಗಳನ್ನು, ತಂಗಿಯನ್ನು ಮರ್ಯಾದೆಯಿಂದ ಕರೆಯುವ ಮಾತಂತೆ ಅದು. ನನ್ನ ಮಗಳು ಅವರನ್ನು ಡೆಸರ್ಟ್ ಆಂಟಿ ಎನ್ನುತ್ತಿದ್ದಳು. ಊಟದ ಕೊನೆಗೆ ತಿನ್ನುವ ಸಿಹಿಗೂ ಮರುಭೂಮಿಗೂ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರು ಎಂದು ನನಗೆ ತಿಳಿದದ್ದು ಆಗಲೇ. ಸಕ್ಕರೆ ಕಾಯಿಲೆಯವರಿಗೆ ಸಿಹಿಯ ಹೆಸರಿಟ್ಟಿದ್ದೀಯಲ್ಲೇ ಎಂದು ಬೈದರೆ, ಅವರೇ ನಕ್ಕು, ಎರಡೂ ನಾನೇ ಎಂದರು.

ಅವರು ಕಾಫಿ ಕುಡಿಯುವುದೂ ನಡೆಯುತ್ತಲೇ. ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಮಗಳ ಕೋಣೆಯ ಕಿಟಕಿ, ಮತ್ತೆ ಬಾಲ್ಕನಿ. ಹೋಗುವ ದಾರಿಯಲ್ಲಿ ನನ್ನ ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ ತಿರುಗಿಸಿ ಬಿಗಿ ಮಾಡುವುದು. ನಾನು ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತರೆ ಅವರ ಕೈ ತಾನಾಗಿ ನಲ್ಲಿಯ ಕಡೆ ಹೋಗುತ್ತಿತ್ತು. ಅವರ ಊರಲ್ಲಿ ಹಗ್ಗದ ಮಂಚದ ಮೇಲೆ ಕೂತು ಸ್ನಾನ ಮಾಡುತ್ತಾರಂತೆ. ಕೆಳಗೆ ಪಾತ್ರೆ ಇಟ್ಟು ಆ ನೀರು ಹಿಡಿದು ಬಟ್ಟೆ ಒಗೆಯುವುದು, ಒಗೆದ ನೀರು ದನದ ಕೊಟ್ಟಿಗೆಗೆ. ಪಾತ್ರೆ ತಿಕ್ಕುವುದು ಒಣ ಮರಳಿನಲ್ಲಿ. ಒಮ್ಮೆ ಇಲ್ಲಿಯ ಬೀಚಿನಿಂದ ಒಂದು ಚೀಲ ಮರಳು ತಂದು ಬಾಲ್ಕನಿಯಲ್ಲಿ ಹರಡಿದರು. ಅದು ಒಣಗಲೇ ಇಲ್ಲ. "ನಿಮ್ಮ ಮಲೇಶಿಯಾದಲ್ಲಿ ಮರಳಿಗೂ ಬೆವರುತ್ತದೆ" ಎಂದು ಬೇಸರಪಟ್ಟು ವಾಪಸ್ಸು ಚೆಲ್ಲಿ ಬಂದರು. ನಮ್ಮ ಮಲೇಶಿಯಾ ಹೇಗಾಯಿತೋ ದೇವರೇ ಬಲ್ಲ. ಮಳೆ ಬೀಳುವ ಊರುಗಳೆಲ್ಲ ಅವರ ಲೆಕ್ಕದಲ್ಲಿ ನಮ್ಮವು.

ಕೂತುಕೊಳ್ಳಿ ಟೀಚರ್ಜಿ ಎಂದರೆ, ನಮ್ಮ ಕಡೆ ಮರಳಿನ ದಿಣ್ಣೆಯೂ ಒಂದು ಕಡೆ ಕೂರುವುದಿಲ್ಲ ಬಾಯಿಸಾ, ಗಾಳಿ ಎಬ್ಬಿಸಿಕೊಂಡು ಹೋಗುತ್ತದೆ, ಹೋದ ವರ್ಷ ಮರದ ಆಚೆ ಇದ್ದದ್ದು ಈ ವರ್ಷ ಈಚೆ ಇರುತ್ತದೆ, ನಾನು ಹೇಗೆ ಕೂರಲಿ ಎನ್ನುತ್ತಿದ್ದರು. ಆದರೆ ಅದು ಬರೀ ತಮಾಷೆ ಅಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ಇಲ್ಲಿಯ ಹವೆ ಒಗ್ಗಲಿಲ್ಲ. ರಾತ್ರಿ ನಿದ್ದೆ ಇಲ್ಲ. "ನಮ್ಮಲ್ಲಿ ಹಗಲು ಸುಡುತ್ತದೆ, ಬೆಳಗಿನ ಜಾವಕ್ಕೆ ಹೊದಿಕೆ ಎಳೆದುಕೊಳ್ಳಬೇಕು. ದೇವರು ಹೊಡೆಯುತ್ತಾನೆ, ಆಮೇಲೆ ತಲೆ ಸವರುತ್ತಾನೆ. ಇಲ್ಲಿ ಹೊಡೆಯುವುದೂ ಇಲ್ಲ, ಸವರುವುದೂ ಇಲ್ಲ" ಎಂದಿದ್ದರು. ಅವರ ಹಪ್ಪಳಕ್ಕೆ ಬೂಷ್ಟು ಬಂತು. ಒಣಗಿಸಿ ತಂದಿದ್ದ ಊರಿನ ಕಾಯಿಗಳು ಮೆತ್ತಗಾದವು. ಉಪ್ಪಿನ ಡಬ್ಬಿ ನೀರಾಯಿತು. ಅದನ್ನು ನನಗೆ ತೋರಿಸಿ, ಇಲ್ಲಿ ಉಪ್ಪೂ ಅಳುತ್ತದೆ ನೋಡಿ ಎಂದರು. ಉಪ್ಪನ್ನು ಬಾಣಲೆಯಲ್ಲಿ ಹುರಿದು, ನಾಲ್ಕು ಕಾಳು ಅಕ್ಕಿ ಹಾಕಿ ಮುಚ್ಚಿಡಬೇಕು ಎಂದು ನಾನು ಹೇಳಿಕೊಟ್ಟೆ. ನಾನು ಕುಂದಾಪುರದ ಕಡೆಯವಳು, ಹುಟ್ಟಿದಾಗಿನಿಂದ ಒದ್ದೆ ಉಪ್ಪು ನೋಡಿದವಳು. ಭೂಗೋಳದ ಟೀಚರಿಗೆ ಪಾಠ ಹೇಳುವ ಭಾಗ್ಯ ನನಗೂ ಬಂತಲ್ಲ ಎಂದು ಅವತ್ತು ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿದೆ. ಆ ದೇಶದಲ್ಲಿ ನಾನು ಹೀಗೆ ಸಣ್ಣಪುಟ್ಟದ್ದಕ್ಕೆಲ್ಲ ಬತ್ತಿ ಹಚ್ಚುತ್ತಿದ್ದೆ. ಹಾಗೆ ಮಾಡಿಯೇ ದಿನ ನೂಕಿದ್ದು.

ಅವರ ಪಾಠ ನಮ್ಮ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ಮಗಳಿಗೆ ಶಾಲೆಯಲ್ಲಿ ಒಂದು ಒಣ ಪ್ರದೇಶದ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದರು. ಟೀಚರ್ಜಿ ನನ್ನ ಚಪಾತಿ ಲಟ್ಟಣಿಗೆ ತಂದು ಮೇಜಿನ ಮೇಲೆ ಉದ್ದಕ್ಕೆ ಇಟ್ಟರು. ಇದು ಅರಾವಳಿ ಬೆಟ್ಟ. ಸಮುದ್ರದಿಂದ ಮೋಡ ಹೀಗೆ ಬರುತ್ತದೆ, ಬೆಟ್ಟವೂ ಹೀಗೇ ಮಲಗಿದೆ, ಮೋಡ ಪಕ್ಕದಲ್ಲೇ ಸವರಿಕೊಂಡು ಮುಂದೆ ಹೋಗುತ್ತದೆ. ಆಮೇಲೆ ಲಟ್ಟಣಿಗೆಯನ್ನು ಅಡ್ಡ ತಿರುಗಿಸಿದರು. ಇದು ನಿನ್ನ ಅಮ್ಮನ ಊರಿನ ಘಟ್ಟ. "ಪೊಲೀಸು ರಸ್ತೆಗೆ ಅಡ್ಡ ನಿಂತರೆ ಲಾರಿ ನಿಲ್ಲುತ್ತದೆ, ಇದ್ದದ್ದೆಲ್ಲ ಕೆಳಗಿಳಿಸುತ್ತದೆ. ನಮ್ಮ ಪೊಲೀಸು ರಸ್ತೆ ಪಕ್ಕದಲ್ಲಿ ನಿಂತು ಸಲಾಮು ಹೊಡೆಯುತ್ತಾನೆ. ಅದಕ್ಕೇ ನಾವು ಮರುಭೂಮಿ." ಮಗಳು ಅಲ್ಲಿಯವರ ಧಾಟಿಯಲ್ಲಿ ಓಕೆ ಲಾ ಆಂಟಿ ಎಂದು ಬರೆದುಕೊಂಡಳು. ನನಗೆ ಮಾತ್ರ ಅವತ್ತು ಊರಿನ ಮಳೆಯ ಮೇಲಿದ್ದ ಸಿಟ್ಟು ಸ್ವಲ್ಪ ಇಳಿಯಿತು. ಮಳೆ ಎಂದರೆ ಒಣಗದ ಬಟ್ಟೆ ಎಂದೇ ತಿಳಿದಿದ್ದೆ. ಯಾರೋ ಅಡ್ಡ ನಿಂತು ನಮಗಾಗಿ ಇಳಿಸಿಕೊಂಡದ್ದು ಎಂದು ಯಾರು ಹೇಳಿದ್ದರು?

ಅವರ ಊರಿನ ನದಿಯ ಹೆಸರು ಲೂಣಿ. ಲೂಣ್ ಎಂದರೆ ಉಪ್ಪು. ವರ್ಷದ ಬಹುಪಾಲು ಬರೀ ಮರಳು. ನೀರು ಬಂದಾಗಲೂ ಬಾಲೋತ್ರಾದವರೆಗೆ ಸಿಹಿ, ಅಲ್ಲಿಂದ ಮುಂದೆ ಉಪ್ಪು. ಸಮುದ್ರವನ್ನೂ ಮುಟ್ಟುವುದಿಲ್ಲ, ಕಛ್‌ನ ಜೌಗಿನಲ್ಲಿ ಇಂಗಿಹೋಗುತ್ತದೆ. ಏನಾದರೂ ಖಾರವಾಗಿ ಮಾತಾಡಿಬಿಟ್ಟರೆ ಅವರೇ ನಕ್ಕು, ನಾನು ಬಾಲೋತ್ರಾದವಳು ಬಾಯಿಸಾ, ಇಷ್ಟು ಹೊತ್ತು ಸಿಹಿಯಾಗಿದ್ದೆ, ಈಗ ಊರು ದಾಟಿತು ಎನ್ನುತ್ತಿದ್ದರು. ನನ್ನ ಚಾತುರ್ಮಾಸವನ್ನೂ ಬಿಡಲಿಲ್ಲ. ಮೊದಲ ತಿಂಗಳು ನಾವು ತರಕಾರಿ ಮುಟ್ಟುವುದಿಲ್ಲ ಎಂದಾಗ, ಅದೊಂದು ವ್ರತವಾ, ನಮ್ಮ ಜಿಲ್ಲೆಗೆ ಜಿಲ್ಲೆಯೇ ಮಾಡುತ್ತದೆ, ಹೆಸರಿಟ್ಟಿರಲಿಲ್ಲ ಅಷ್ಟೆ ಎಂದರು.

ಅವರ ಸೂರ್ಯನ ವ್ರತ ಅತ್ತೆಯಿಂದ ಬಂದದ್ದು. ಅತ್ತೆ ಜೀವಮಾನವಿಡೀ ನಡೆಸಿ, ಸಾಯುವ ಮೊದಲು ಇವರ ಕೈ ಹಿಡಿದು, ನನ್ನ ಸೂರ್ಯನನ್ನು ನೀನು ನೋಡಿಕೋ ಎಂದರಂತೆ. ಇವರು ತಕ್ಷಣ ಹೂಂ ಎಂದರು. "ನಮ್ಮ ಊರಲ್ಲಿ ಅದರಷ್ಟು ಸುಲಭದ ವ್ರತ ಇನ್ನೊಂದಿಲ್ಲ. ಅಲ್ಲಿ ಸೂರ್ಯನನ್ನು ನೋಡದೆ ಇರುವುದು ಕಷ್ಟ" ಎಂದು ಹೇಳಿ ನಗುತ್ತಿದ್ದರು. ಅವನಿಲ್ಲದ ಊರಿಗೆ ಈ ವ್ರತ ಕಟ್ಟಿಕೊಂಡು ಬರುತ್ತೇನೆ ಎಂದು ಆಗ ಯಾರಿಗೆ ಗೊತ್ತಿತ್ತು ಎನ್ನುವಾಗ ನಗು ಇರುತ್ತಿರಲಿಲ್ಲ. ಮೋಡದ ದಿನಗಳಲ್ಲಿ ಹತ್ತು ಗಂಟೆ, ಹನ್ನೊಂದು ಗಂಟೆಯ ತನಕ ನಮ್ಮ ಬಾಲ್ಕನಿಗೂ ಅವರ ಮನೆಗೂ ನಡೆಯುತ್ತಿದ್ದರು. ಕಾರಿಡಾರಿನಲ್ಲಿ ಆ ರಬ್ಬರ್ ಚಪ್ಪಲಿಯ ಸದ್ದು ಕೇಳುತ್ತಾ ನಾನೂ ತಿಂಡಿಯ ತಟ್ಟೆ ಮುಚ್ಚಿಡುತ್ತಿದ್ದೆ. ಹೇಗೋ ಏನೋ, ಒಂದು ಗಳಿಗೆಗಾದರೂ ಮೋಡ ಸರಿದು ಅವನು ಮುಖ ತೋರಿಸಿಬಿಡುತ್ತಿದ್ದ. ಕೃಷ್ಣ ಕೈಬಿಡಲಿಲ್ಲ ಎಂದುಕೊಳ್ಳುತ್ತಿದ್ದೆ.

ಇನ್ನೊಂದು ಪದ್ಧತಿ ಹೇಳಬೇಕು. ಅವರು ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ದಬದಬ ಬಾಗಿಲು ಬಡಿದರು. ತೆಗೆದರೆ, ಮಳೆ ಬಂತು ಮಳೆ ಬಂತು ಎಂದು ನನ್ನ ಬಾಯಿಗೆ ಒಂದು ಚೂರು ಬೆಲ್ಲ ತುರುಕಿದರು. ಅವರ ಕಡೆ ಮಳೆ ಬಂದರೆ, ಮಳೆಯ ಸುದ್ದಿ ಬಂದರೂ ಸಾಕು, ಮೊದಲು ಬಾಯಿ ಸಿಹಿ ಮಾಡಬೇಕಂತೆ. ಇಲ್ಲದಿದ್ದರೆ ಮೋಡ ಮುನಿಸಿಕೊಂಡು ಗಡಿ ದಾಟಿ ಆಚೆ ದೇಶಕ್ಕೆ ಹೋಗಿಬಿಡುತ್ತದಂತೆ. ಮರುದಿನವೂ ಮಳೆ. ಅದರ ಮರುದಿನವೂ. ಒಂದು ವಾರ ನಮ್ಮ ಮಹಡಿಯವರೆಲ್ಲ ಬೆಲ್ಲ ತಿಂದೆವು, ಕೆಳಗಿನ ಚೀನೀ ಅಜ್ಜಿ ಸೇರಿ. ಕೊನೆಗೆ ಅವರ ಯಜಮಾನರೇ ಕೈಮುಗಿದರು. ಇಲ್ಲಿ ಮಳೆಗೆ ಮರ್ಯಾದೆ ಇಲ್ಲ ಎಂದು ಟೀಚರ್ಜಿ ಬೆಲ್ಲದ ಡಬ್ಬ ಮುಚ್ಚಿಟ್ಟರು.

ಆ ವರ್ಷ ಹೊಗೆ ಬಂತು. ಸುಮಾತ್ರಾದ ಕಡೆ ಕಾಡಿಗೆ ಬೆಂಕಿ ಬಿದ್ದು ಸಮುದ್ರ ದಾಟಿ ಬಂದ ಹೊಗೆ. ಎಲ್ಲರೂ ಹೇಝ್ ಎನ್ನುತ್ತಿದ್ದರು. ಮೊದಲು ದೂರದ ಸೇತುವೆ ಕಾಣದಾಯಿತು, ಆಮೇಲೆ ದ್ವೀಪ, ಆಮೇಲೆ ಸಮುದ್ರವೇ. ಬಾಲ್ಕನಿಯ ಕಂಬಿ ಹಿಡಿದು ನಿಂತರೆ ಎದುರಿಗೆ ಬೂದಿ ಬಣ್ಣದ ಗೋಡೆ. ಶಾಲೆ ಮುಚ್ಚಿದರು. ಕಿಟಕಿಗೆಲ್ಲ ಒದ್ದೆ ಟವೆಲ್ ಕಟ್ಟಿದ್ದೆ. ತಿಂಗಳುಗಟ್ಟಲೆ ಬೇಡವೆಂದರೂ ಸುರಿಯುತ್ತಿದ್ದ ಮಳೆ ಪತ್ತೆಯೇ ಇಲ್ಲ. ಮಗಳು ಮನೆಯೊಳಗೆ ಕೆಮ್ಮುತ್ತಾ ಓಡಾಡುತ್ತಿದ್ದಳು, ನಾನು ಅವಳ ಹಿಂದೆ.

ಟೀಚರ್ಜಿಗೆ ಮೊದಲ ದಿನ ಒಂಥರಾ ಗೆಲುವೇ ಬಂದಿತ್ತು. ಇದು ನಮ್ಮ ಧೂಳುಗಾಳಿಯ ಹಾಗೇ ಇದೆ, ಜೂನಿನಲ್ಲಿ ಮಧ್ಯಾಹ್ನ ದೀಪ ಹಚ್ಚುತ್ತೇವೆ, ಒಂದು ಗಂಟೆ ಕಾದರೆ ತೊಳೆದ ಹಾಗೆ ಆಗುತ್ತದೆ ಎಂದರು. ಒಂದು ಗಂಟೆಯಲ್ಲ, ಸಂಜೆಯಾದರೂ ತೊಳೆಯಲಿಲ್ಲ. ಅವರು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕೆಳಗೆ ಹೋಗಿ ಗಾರ್ಡನ್ನು ಕೇಳಿ ಬಂದರು. ಆತ ವಯಸ್ಸಾದ ಮಲಯ್ ಮನುಷ್ಯ, ಅವರನ್ನು ಕಾಕ್, ಅಂದರೆ ಅಕ್ಕ ಎನ್ನುತ್ತಿದ್ದ. "ಮಾತಹಾರಿ ತಡಾ, ಕಾಕ್" ಎಂದನಂತೆ. ಮಾತಹಾರಿ ಎಂದರೆ ಅವರ ಭಾಷೆಯಲ್ಲಿ ಸೂರ್ಯ, ಹಗಲಿನ ಕಣ್ಣು ಎಂದು ಅರ್ಥ; ತಡಾ ಎಂದರೆ ಇಲ್ಲ. ಆ ಪದದ ಕೊನೆಯಲ್ಲಿ ನನಗೆ ಯಾವಾಗಲೂ ಹರಿಯೇ ಕೇಳಿಸುತ್ತಿದ್ದ. ಆತ ದಿನಾ ಹರಿಯ ಹೆಸರು ಹೇಳುತ್ತಾನಲ್ಲ ಎಂದು ಖುಷಿಪಡುತ್ತಿದ್ದವಳಿಗೆ ಅವತ್ತು ಹರಿ ಇಲ್ಲ ಎಂದು ಕೇಳಿಸಿಕೊಂಡು ಮನಸ್ಸಿಗೆ ಕಸಿವಿಸಿಯಾಯಿತು. ಆ ಮಧ್ಯಾಹ್ನ ಹೊಗೆಯೊಳಗೆ ತಾಮ್ರದ ಕಾಸಿನಂಥದ್ದೇನೋ ಒಂದು ಗಳಿಗೆ ಕಂಡ ಹಾಗಾಯಿತು. ನಾನು, ಅಗೋ ಎಂದೆ. ಅವರು ಬರುವಷ್ಟರಲ್ಲಿ ಹೋಯಿತು. ನೀವು ನೋಡಿದರೆ ನನಗೆ ಹೇಗಾಗುತ್ತದೆ ಎಂದು ಮತ್ತೆ ನಡೆಯತೊಡಗಿದರು.

ಅವರ ಯಜಮಾನರು ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತರು. ನಾನು ಹೇಳಿದರೆ ಕೇಳುವುದಿಲ್ಲ, ನೀವೂ ವ್ರತ ಮಾಡುವವರು, ನಿಮ್ಮ ಮಾತಿಗೆ ಬೆಲೆ ಇದೆ, ಒಂದು ತುತ್ತು ತಿನ್ನಿಸಿ ಎಂದು ನನ್ನನ್ನು ಕೇಳಿಕೊಂಡರು. ನನಗೆ ಇದಕ್ಕಿಂತ ಕಷ್ಟದ ಕೆಲಸ ಯಾರೂ ಹೇಳಿರಲಿಲ್ಲ. ಆ ತಿಂಗಳು ನನ್ನದು ಹಾಲು ಬಿಟ್ಟ ವ್ರತ. ಯಾರಾದರೂ ಬಂದು, ಅಯ್ಯೋ ಕುಡಿದುಬಿಡಿ ಎಂದರೆ ನಾನು ಕುಡಿಯುತ್ತಿದ್ದೆನೇ? ಹಾಗೆಂದು ಸುಮ್ಮನಿದ್ದರೆ ಕಣ್ಣೆದುರಿಗೇ ಒಂದು ಜೀವ ಸೊರಗುತ್ತದೆ. ನನ್ನ ದೇವರಿಗೆ ಯಾವುದು ಬೇಕು ಎಂದು ಅವತ್ತು ಇಡೀ ದಿನ ಕೇಳಿದೆ. ಬತ್ತಿಯ ಮೇಲೆ ಬತ್ತಿ ಹಚ್ಚಿದೆ.

ಮೂರನೆಯ ದಿನ ಅವರು ಬಾಲ್ಕನಿಗೆ ಬಂದಾಗ ನಡಿಗೆ ಓಲಾಡುತ್ತಿತ್ತು. ಕಂಬಿ ಹಿಡಿದರು. ಕೈ ನಡುಗುತ್ತಿತ್ತು, ಹಣೆಯ ಮೇಲೆ ಬೆವರು. ಮೊದಲ ಬಾರಿಗೆ ತಾವಾಗಿ ಕುರ್ಚಿ ಕೇಳಿದರು. ಅದಕ್ಕೇ ನಾನು ಹೆದರಿದ್ದು. ಕಾಲೇಜಿಗೆ ರಜೆ ಇದ್ದದ್ದರಿಂದ ನಮ್ಮವರು ಮನೆಯಲ್ಲೇ ಇದ್ದರು, ಅದೊಂದು ಪುಣ್ಯ. ಓಡಿ ಬಂದು ನಾಡಿ ನೋಡಿ, ಸಕ್ಕರೆ ಮಾತ್ರೆ ನಿಲ್ಲಿಸಿದ್ದೀರಿ ತಾನೆ ಎಂದು ಕೇಳಿದರು.

"ಯಾಕೆ ನಿಲ್ಲಿಸಲಿ ಡಾಕ್ಟರ್ ಸಾಹೇಬ್? ದಿನಾ ಹೊತ್ತಿಗೆ ಸರಿಯಾಗಿ ತಗೊಳ್ಳುತ್ತಿದ್ದೇನೆ. ಮಾತ್ರೆ ಊಟ ಅಲ್ಲವಲ್ಲ."

ಊಟವಿಲ್ಲದೆ ಆ ಮಾತ್ರೆ ನುಂಗಿದರೆ ರಕ್ತದಲ್ಲಿದ್ದ ಸಕ್ಕರೆಯೂ ಹೋಗುತ್ತದೆ, ಪ್ರಜ್ಞೆ ತಪ್ಪುತ್ತದೆ, ಜೀವಕ್ಕೇ ಅಪಾಯ. ನಮ್ಮವರು ಗ್ಲೂಕೋಸ್ ಕಲಸಿ ತಂದರು. ಟೀಚರ್ಜಿ ತುಟಿ ಬಿಗಿದರು, ಮಕ್ಕಳು ಬಿಗಿಯುವ ಹಾಗೆ. ಗಂಡ ಮಂಡಿಯೂರಿ ಕೂತು ಬೇಡಿಕೊಂಡರು. ಇಲ್ಲ. ನಮ್ಮವರು ಕಾರಿನ ಕೀಲಿ ಹುಡುಕತೊಡಗಿದರು. ಆಸ್ಪತ್ರೆಗೆ ಹೊತ್ತುಕೊಂಡಾದರೂ ಹೋಗುತ್ತೇನೆ ಎಂದು ಕನ್ನಡದಲ್ಲಿ ನನ್ನ ಮೇಲೆ ರೇಗಿದರು, ವ್ರತವನ್ನೆಲ್ಲ ನಾನೇ ಕಂಡುಹಿಡಿದ ಹಾಗೆ.

ಆಗ ನನಗೆ ಹೊಳೆದದ್ದು ಅಜ್ಜಿ ಹೇಳುತ್ತಿದ್ದ ಒಂದು ಮಾತು. ಕಾಯಿಲೆಯವರ ಏಕಾದಶಿಯನ್ನು ಮನೆಯ ಬೇರೊಬ್ಬರು ಪ್ರತಿನಿಧಿಯಾಗಿ ಮಾಡಬಹುದು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ: "ಟೀಚರ್ಜಿ, ನಿಮ್ಮ ಅತ್ತೆಯ ಮಗಳು, ನಿಮ್ಮ ನಾದಿನಿ, ಬಾಲೋತ್ರಾದಲ್ಲೇ ಇದ್ದಾರಲ್ಲ. ಅಲ್ಲಿ ಈಗ ಬೆಳಗಾಗಿದೆ. ಅವರು ಸೂರ್ಯನನ್ನು ನೋಡಿ ನೋಡಿದೆ ಎಂದರೆ ಆಗುತ್ತದಾ?"

ಅವರು ನನ್ನನ್ನೇ ನೋಡಿದರು. ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದ ಕಣ್ಣು. ಬೇಡ ಎನ್ನಲಿಲ್ಲ. ಅಷ್ಟು ಸಾಕಾಯಿತು. ಅವರ ಯಜಮಾನರು ನಮ್ಮ ಫೋನಿನಿಂದಲೇ ಬಾಲೋತ್ರಾಕ್ಕೆ ತಿರುಗಿಸಿದರು. ಎರಡು ಸಲ ಲೈನು ಸಿಗಲಿಲ್ಲ. ನಮ್ಮವರು ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರನೆಯ ಸಲ ಸಿಕ್ಕಿತು. ಟೀಚರ್ಜಿಯ ಕಿವಿಗೆ ರಿಸೀವರ್ ಇಟ್ಟೆ. ಆ ನಾದಿನಿಯ ಗಂಟಲು ಎಷ್ಟು ದೊಡ್ಡದೆಂದರೆ ಪಕ್ಕದಲ್ಲಿದ್ದ ನಮಗೆಲ್ಲ ಕೇಳುತ್ತಿತ್ತು. ಇವರು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು. ಅವರ ಭಾಷೆ ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಟೀಚರ್ಜಿ ಆಮೇಲೆ ನನಗೆ ಪದಪದವಾಗಿ ಹೇಳಿದ್ದರಿಂದ ಬರೆಯುತ್ತಿದ್ದೇನೆ.

"ಭಾಭೀಸಾ, ನಿಮಗೆ ಹೇಗೆ ಗೊತ್ತಾಯಿತು? ಯಾರು ಹೇಳಿದರು? ನಿನ್ನೆ ಸಂಜೆಯಿಂದ ಹಿಡಿದು ಹೊಡೆಯುತ್ತಿದೆ. ಲೂಣಿ ಬಂದಿದೆ. ಊರಿಗೆ ಊರೇ ಹೊಳೆ ನೋಡಲಿಕ್ಕೆ ಹೋಗಿದೆ."

ಟೀಚರ್ಜಿ ಕೇಳಿದ್ದು ಒಂದೇ. "ಸೂರಜ್?"

"ಎಲ್ಲಿಯ ಸೂರಜ್. ಕಾಣುವುದೇ ಇಲ್ಲ."

ವರ್ಷವಿಡೀ ಸೂರ್ಯ ಉರಿಯುವ ಊರಿನಲ್ಲಿ, ಹುಡುಕಿ ಹುಡುಕಿ ಇವತ್ತೇ ಅವನಿಲ್ಲ. ಟೀಚರ್ಜಿ ಕಣ್ಣು ಮುಚ್ಚಿದರು. ಆಮೇಲೆ ನಿಧಾನಕ್ಕೆ, ಅಮ್ಮ ಇಂಥ ದಿನ ಏನು ಮಾಡುತ್ತಿದ್ದರು ಎಂದು ಕೇಳಿದರು. ಇವರು ಆ ಮನೆ ಸೇರಿದ ಮೇಲೆ ಇಡೀ ದಿನ ಸೂರ್ಯ ಕಾಣದ ಮಳೆ ಚಾತುರ್ಮಾಸದಲ್ಲಿ ಒಮ್ಮೆಯೂ ಬಿದ್ದಿರಲಿಲ್ಲವಂತೆ.

ಆ ಕಡೆ ನಗು ಕೇಳಿತು. "ಅಮ್ಮನಾ? ನಾನು ಸಣ್ಣವಳಿದ್ದಾಗ ಒಂದು ಸಲ ಹೀಗೇ ದಿನಗಟ್ಟಲೆ ಹೊಡೆದಿತ್ತು. ಎದ್ದ ಕೂಡಲೇ ಬೆಲ್ಲ ಬಾಯಿಗೆ ಹಾಕಿಕೊಂಡಳು. ವ್ರತ ಏನಾಯಿತು ಅಂತ ಅಪ್ಪ ಕೇಳಿದ್ದಕ್ಕೆ, ಮಳೆ ಬಂದ ದಿನ ಅವನಿಗೆ ರಜೆ, ನನಗೂ ರಜೆ ಅಂದಳು. ನೀವು ಬೆಲ್ಲ ತಿಂದಿರಾ? ಮಳೆ ಸುದ್ದಿ ಕೇಳಿಯೂ ಬಾಯಿ ಖಾಲಿ ಇಟ್ಟುಕೊಂಡಿದ್ದೀರಾ? ತಡೆಯಿರಿ, ಕೇಳಿಸುತ್ತೇನೆ."

ಅವರು ಫೋನನ್ನು ಅಂಗಳಕ್ಕೆ ಹಿಡಿದಿರಬೇಕು. ಟೀಚರ್ಜಿ ರಿಸೀವರನ್ನು ಕಿವಿಗೆ ಒತ್ತಿಕೊಂಡರು. ನಾನೂ ತಲೆ ತಾಗಿಸಿ ಕೇಳಿದೆ. ತಗಡಿನ ಮೇಲೆ ಮಳೆ. ಮಕ್ಕಳ ಕೇಕೆ. ಹೊಗೆ ತುಂಬಿದ ಪೆನಾಂಗಿನಲ್ಲಿ, ಒದ್ದೆ ಟವೆಲ್ ಕಟ್ಟಿದ ಕಿಟಕಿಯ ಪಕ್ಕ, ನಾವಿಬ್ಬರು ಮರುಭೂಮಿಯ ಮಳೆ ಕೇಳಿದೆವು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಬಾಲೋತ್ರಾದಲ್ಲಿ ಮಳೆ, ಮಲೇಶಿಯಾದಲ್ಲಿ ಧೂಳು" ಎಂದರು. "ನಾನು ಇಷ್ಟು ವರ್ಷ ಹೇಳಿಕೊಟ್ಟದ್ದೆಲ್ಲ ತಲೆಕೆಳಗಾಯಿತು, ಬಾಯಿಸಾ." ಎಂದವರೇ ಬಾಯಿ ತೆರೆದರು.

ನಾನು ಅಡುಗೆಮನೆಗೆ ಓಡಿದೆ. ಊರಿನ ಬೆಲ್ಲ ಮುಗಿದಿತ್ತು. ಇದ್ದದ್ದು ಇಲ್ಲಿಯ ಗುಲಾ ಮೆಲಾಕ, ತೆಂಗಿನ ನೀರಾ ಕಾಯಿಸಿ ಮಾಡುವ ಕಪ್ಪು ಬೆಲ್ಲ. ಒಡೆಯಲಿಕ್ಕೆ ಸಿಕ್ಕಿದ್ದು ಆ ಲಟ್ಟಣಿಗೆಯೇ. ಅರಾವಳಿಯಿಂದಲೇ ಕುಟ್ಟಿ, ಒಂದು ತುಂಡು ತಂದು ಅವರ ಬಾಯಿಗೆ ಹಾಕಿದೆ. ನಮ್ಮವರು, ಇನ್ನೊಂದು ಕೊಡು, ಇನ್ನೂ ಒಂದು ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ನಿಂತು ಬೆಲ್ಲ ತಿನ್ನಿಸಿದ್ದು ನಾನು ಕಂಡದ್ದು ಅದೊಂದೇ ಸಲ. ಗ್ಲೂಕೋಸನ್ನೂ ಕುಡಿದರು, ಅನ್ನವನ್ನೂ ಉಂಡರು. ಸ್ವಲ್ಪ ಹೊತ್ತಿಗೆ ಕೈಯ ನಡುಕ ನಿಂತಿತು. ಮಾತ್ರೆಯ ವಿಷಯದಲ್ಲಿ ನಮ್ಮವರು ಅವರಿಗೆ ಕೊಟ್ಟ ಬೈಗುಳವನ್ನು ನಾನು ಹಿಂದಿಗೆ ತಿರುಗಿಸುವಾಗ ಅರ್ಧ ಬಿಟ್ಟೆ.

ಬಾಲೋತ್ರಾದ ಮಳೆ ಮರುದಿನವೂ ಹಿಡಿದಿತ್ತಂತೆ. ಅವರ ರಜೆಯೂ ಮುಂದುವರಿಯಿತು. ಆಮೇಲೊಂದು ಬೆಳಿಗ್ಗೆ ಹೊಗೆ ಸ್ವಲ್ಪ ತೆಳುವಾಗಿ ದ್ವೀಪದ ನೆತ್ತಿಯ ಮೇಲೆ ಕೆಂಪು ಬಿಲ್ಲೆ ಕಂಡಿತು. ನಾನು ಹೋಗಿ ಕರೆದೆ. ಅವರು ಚೊಂಬು ಹಿಡಿದು ಬಂದು, ಸೊಂಟಕ್ಕೆ ಒಂದು ಕೈಯಿಟ್ಟು, ತರಗತಿಯ ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡುವ ಹಾಗೆ ಅವನನ್ನು ನೋಡಿದರು. "ಇಷ್ಟು ದಿನ ಎಲ್ಲಿಗೆ ಹೋಗಿದ್ದೆ? ಸ್ವಲ್ಪ ಹೊತ್ತು ಹೊರಗೆ ನಿಂತಿರು" ಎಂದರು. ನೀರನ್ನು ಮಾತ್ರ ಎಂದಿನ ಹಾಗೆ, ಒಂದು ತೊಟ್ಟೂ ಚೆಲ್ಲದೆ, ತುಳಸಿಗೆ ಹೊಯ್ದರು.

ಮರುವರ್ಷ ಕಾರ್ಖಾನೆಗಳಲ್ಲಿ ಕೆಲಸ ಕಡಿಮೆಯಾಗಿ ಅವರ ಯಜಮಾನರು ಜೋಧಪುರಕ್ಕೆ ವಾಪಸ್ಸಾದರು. ಹೊರಡುವ ದಿನ ಬೆಳಿಗ್ಗೆ ಅವರು ನಮ್ಮ ಬಾಲ್ಕನಿಗೆ ಬಂದು ನೋಡಿ, ಇನ್ನು ಮೇಲೆ ಇವನು ಪೂರ್ತಿ ನಿಮ್ಮವನು ಎಂದು ಹೇಳಿ ಹೋದರು. ನಾವೂ ಕೆಲವು ವರ್ಷಗಳ ನಂತರ ಕುಂದಾಪುರಕ್ಕೆ ಬಂದೆವು. ಆಗೀಗ ಫೋನು. ಅವರು ಫೋನಿನಲ್ಲಿ ಮಾತಾಡುವಾಗಲೂ ಚಪ್ಪಲಿಯ ಸದ್ದು ಕೇಳುತ್ತಿತ್ತು.

ಹೋದ ವಾರ ಅವರ ಯಜಮಾನರೇ ಫೋನು ಮಾಡಿದ್ದರು. ಹೆಚ್ಚು ನರಳಲಿಲ್ಲವಂತೆ, ಅದಕ್ಕೆ ದೇವರಿಗೆ ಕೈಮುಗಿಯಬೇಕು. ನನಗೆ ಕೇಳದೆ ಇರಲಾಗಲಿಲ್ಲ, ಸೂರ್ಯನ ವ್ರತ ಯಾರಿಗೆ ಕೊಟ್ಟು ಹೋದರು ಎಂದೆ. ಯಾರಿಗೂ ಇಲ್ಲವಂತೆ. ಸೊಸೆ ಇರುವುದು ಇಂಗ್ಲೆಂಡಿನ ಯಾವುದೋ ಮಳೆಯ ಊರಲ್ಲಿ. ಅವಳು ತಾನಾಗಿ ಕೇಳಿದಳಂತೆ, ನಾನು ನಡೆಸಲಾ ಮಮ್ಮಿ ಎಂದು. ಬೇಡ ಎಂದರಂತೆ. ನಿನ್ನ ಊರಿನ ಆಕಾಶ ನೋಡಿಕೊಂಡು ನಿನಗೆ ಕೊಡಬೇಕು. ಮಳೆ ಬಂದ ದಿನ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೋ, ಅಷ್ಟು ಸಾಕು ಎಂದರಂತೆ. ಆ ಹುಡುಗಿ ಈಗ ಹೆಚ್ಚುಕಡಿಮೆ ದಿನಾ ತಿನ್ನುತ್ತಿದ್ದಾಳೆ ಎಂದರು.

ಇಲ್ಲಿ ಆಷಾಢದ ಮಳೆ, ಹಿತ್ತಿಲ ತಗಡಿನ ಮೇಲೆ ಬೆಳಗಿನಿಂದ ಒಂದೇ ಸಮನೆ ಹೊಡೆಯುತ್ತಿತ್ತು.

"ಅದೇನು ಸದ್ದು?" ಎಂದು ಅವರು ಕೇಳಿದರು.

"ಮಳೆ" ಎಂದೆ.

ಜೋಧಪುರಕ್ಕೆ ಇನ್ನೂ ಬಂದಿಲ್ಲ ಎಂದರು. ನಾನು ಎದ್ದು ಹಿತ್ತಿಲ ಬಾಗಿಲು ತೆಗೆದು, ಕೈ ಚಾಚಿ, ಫೋನನ್ನು ತಗಡಿನ ಕೆಳಗೆ ಹಿಡಿದೆ. ಸೀರೆಯ ಅಂಚು ನೆನೆಯಿತು, ತೋಳು ನೋಯಿತು. ಆದರೂ ಹಿಡಿದೇ ಇದ್ದೆ. ಸಾಕೆನಿಸಿದ ಮೇಲೆ ಕಿವಿಗೆ ತಂದೆ. ಅವರು ಫೋನು ಇಟ್ಟಿರಲಿಲ್ಲ. ಆ ಕಡೆಯಿಂದ ಯಾವುದೋ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು.